ಬಲಗಡೆಯವನ ಚಪ್ಪಲಿ

ಸೋಮವಾರ, ಮಾರ್ಚ್ ೯
ಅಂಗಡಿಯಿಂದ

ಪ್ರೀತಿಯ ಬಲಗಡೆಯವನಿಗೆ,

ನಿನ್ನ ಎಡಗಡೆಯವನ ನಮಸ್ಕಾರ. ಕವರಿನ ಮೇಲಿನ ಕೋಳಿಗೀಟು ನೋಡಿದ ಕೂಡಲೇ ಯಾರದು ಅಂತ ಗೊತ್ತಾಗಿರುತ್ತೆ. ಹರಿದು ಬಿಸಾಡದೆ ಓದ್ತಿದ್ದೀಯಲ್ಲ, ಅಷ್ಟೇ ದೊಡ್ಡದು. ಕಾಗದ ಬರೆಯೋದು ತಡ ಆಯ್ತು, ಕ್ಷಮಿಸು. ಒಂದು ವಾರ ತಡ ಆದ್ರೆ ಕೆಲಸ ಜಾಸ್ತಿ ಇತ್ತು ಅನ್ನಬಹುದು, ಒಂದು ತಿಂಗಳಾದ್ರೆ ಮೈ ಸರಿ ಇರಲಿಲ್ಲ ಅನ್ನಬಹುದು. ಏಳು ವರ್ಷಕ್ಕೆ ಏನು ಸಬೂಬು ಹೇಳ್ಲಿ? ಹುಡುಕೋಕೂ ಹೋಗಿಲ್ಲ.

ಇದರ ಜೊತೆ ಒಂದು ರಟ್ಟಿನ ಡಬ್ಬಿ ಬಂದಿದೆಯಲ್ಲ, ಅದನ್ನ ಈಗಲೇ ಬಿಚ್ಚಬೇಡ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ, ಮೊದಲು ಅದನ್ನೇ ಬಿಚ್ಚಿ ‘ಇವನಿಗೆ ತಲೆ ಕೆಟ್ಟಿದೆ’ ಅಂದಿರ್ತೀಯ. ಒಳಗಿರೋದು ಮನೆಯೊಳಗೆ ಹಾಕ್ಕೊಳ್ಳೋ ಚಪ್ಪಲಿ. ಎಡಗಾಲಿಂದು ಕಂದು ಬಣ್ಣ, ಬಲಗಾಲಿಂದು ಬೂದು ಬಣ್ಣ. ಅಂಗಡಿಯವರು ತಪ್ಪು ಕಟ್ಟಿದ್ದಲ್ಲ, ನಾನೂ ಕಣ್ಣು ಮುಚ್ಚಿಕೊಂಡು ಕಟ್ಟಿದ್ದಲ್ಲ. ಬೇಕಂತಲೇ ಹಾಗೆ ಕಳಿಸಿದ್ದೀನಿ, ಯಾಕೆ ಅಂತ ಕೆಳಗೆ ಬರೀತೀನಿ. ನೀನು ಅದನ್ನ ಕಾಲಿಗೆ ಹಾಕ್ಕೊಂಡ್ರೆ ನಮ್ಮಿಬ್ಬರ ನಡುವೆ ಇನ್ನೂ ಏನೋ ಉಳಿದಿದೆ ಅಂದ್ಕೋತೀನಿ. ವಾಪಸ್ ಕಳಿಸಿದ್ರೆ ಅದೂ ಒಂದು ಉತ್ತರವೇ. ಏಳು ವರ್ಷ ಸುಮ್ಮನಿದ್ದು ಸಾಕಾಗಿದೆ ಕಣೋ, ಯಾವುದಾದ್ರೂ ಒಂದು ಉತ್ತರ ಬೇಕು.

ಮೊದಲು ಅಂಗಡಿ ಸುದ್ದಿ. ಅದೇ ಕನ್ನಡಿ, ಅದೇ ಎರಡು ಕುರ್ಚಿ, ನಡುವೆ ಅದೇ ಬೇಸಿನ್ನು. ನಲ್ಲಿ ಇನ್ನೂ ಸೋರುತ್ತೆ, ರಿಪೇರಿಯವನು ಬಂದು ಹೋದ ದಿನ ಮಾತ್ರ ಜಾಸ್ತಿ ಸೋರುತ್ತೆ. ಎದುರುಗಡೆ ಫೋಟೋ ಸ್ಟುಡಿಯೋ ಮುಚ್ಚಿದಾರೆ, ಈಗೆಲ್ಲ ಜನ ತಮ್ಮ ಮುಖ ತಾವೇ ತೆಗ್ಕೋತಾರೆ. ಹೆಡ್‌ಮಾಷ್ಟ್ರು ರಿಟೈರಾದ್ರು, ತಲೆ ಪೂರ್ತಿ ಬೋಳಾಗಿದೆ, ಆದ್ರೂ ತಿಂಗಳಿಗೊಂದು ಸಲ ತಪ್ಪದೆ ಬಂದು ಕುರ್ಚಿಯಲ್ಲಿ ಕೂತು ‘ಮೀಡಿಯಂ ಕಟ್’ ಅಂತಾರೆ. ನಾನು ಗಾಳಿಯಲ್ಲಿ ಹತ್ತು ನಿಮಿಷ ಕತ್ತರಿ ಆಡಿಸಿ ಕಳಿಸ್ತೀನಿ. ನಿನ್ನ ಕುರ್ಚಿ ಹಾಗೇ ಇದೆ. ಕಾಯೋರು ಅದರ ಮೇಲೆ ಚೀಲ, ಪೇಪರು ಇಡ್ತಾರೆ. ಯಾರಾದ್ರೂ ಹೊಸಬರು ಕೂರೋಕೆ ಹೋದ್ರೆ ‘ಅದು ಕೆಟ್ಟಿದೆ, ಈ ಕಡೆ ಬನ್ನಿ’ ಅಂತೀನಿ. ಏನೂ ಕೆಟ್ಟಿಲ್ಲ, ಪ್ರತಿ ವಾರ ನಾನೇ ಎಣ್ಣೆ ಬಿಡ್ತೀನಿ.

ಇನ್ನು ನನ್ನ ವಿಷಯ. ಹೋದ ವರ್ಷದ ಕೊನೆಯಲ್ಲಿ ನನ್ನ ಹಿಮ್ಮಡಿ ಕೈ ಕೊಡ್ತು. ಹಿಮ್ಮಡಿ ಕೈ ಹೇಗೆ ಕೊಡುತ್ತೆ ಅಂತ ನಗಬೇಡ, ನೋವಿಗೆ ವ್ಯಾಕರಣ ಗೊತ್ತಿಲ್ಲ. ಬೆಳಿಗ್ಗೆ ಮಂಚದಿಂದ ಇಳಿದು ಎಡಗಾಲು ನೆಲಕ್ಕೆ ಊರಿದ್ರೆ ಸಾಕು, ಯಾರೋ ಕೆಳಗಿಂದ ಮೊಳೆ ಹೊಡೆದ ಹಾಗೆ. ನಾಲ್ಕು ಹೆಜ್ಜೆ ಹೋದ ಮೇಲೆ ಸ್ವಲ್ಪ ವಾಸಿ. ಮತ್ತೆ ಕೂತು ಎದ್ರೆ ಮೊದಲಿನಿಂದ ಶುರು. ನಿನ್ನ ಅತ್ತಿಗೆ ಎರಡು ವಾರ ನನ್ನ ಕುಂಟು ನೋಡಿದಳು, ಮೂರನೇ ವಾರ ‘ನೀವು ಡಾಕ್ಟರ ಹತ್ರ ಹೋಗ್ತೀರೋ, ಇಲ್ಲಾ ನಾನು ತವರಿಗೆ ಹೋಗ್ಲೋ’ ಅಂದಳು. ಅವಳ ತವರು ಪಕ್ಕದ ಬೀದಿಯಲ್ಲೇ ಇದೆ, ಆದ್ರೂ ಹೆದರಿ ಹೋದೆ.

ಮೂಳೆ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಹಿಮ್ಮಡಿಯ ಒಳಮಗ್ಗುಲಲ್ಲಿ ಹೆಬ್ಬೆರಳು ಒತ್ತಿ ‘ಇಲ್ಲೇನಾ?’ ಅಂದ್ರು. ನಾನು ಹೊಡೆದ ಕೂಗಿಗೆ ಹೊರಗೆ ಕೂತಿದ್ದ ಪೇಷೆಂಟು ಎದ್ದು ಹೋದಳಂತೆ. ಆಮೇಲೆ ಗೋಡೆ ಮೇಲಿನ ಚಿತ್ರ ತೋರಿಸಿ ಹೇಳಿದ್ರು: ಹಿಮ್ಮಡಿಯಿಂದ ಬೆರಳುಗಳ ಬುಡದ ತನಕ ಅಂಗಾಲಿನಲ್ಲಿ ಒಂದು ಪಟ್ಟಿ ಇರುತ್ತೆ, ನಾವು ಕತ್ತಿ ಮಸೆಯೋ ಪಟ್ಟಿ ಥರವೇ, ಅದರ ಮೇಲೆ ಪಾದದ ಕಮಾನು ನಿಂತಿರುತ್ತೆ. ಕಮಾನು ಕುಸಿದ್ರೆ ಪಟ್ಟಿ ಎಳೆಯುತ್ತೆ, ಹಿಮ್ಮಡಿ ಹತ್ರ ಬಾಯಿ ಬಿಡುತ್ತೆ. ‘ಮನೆಯಲ್ಲಿ ಬರಿಗಾಲಲ್ಲಿ ಓಡಾಡ್ತೀರಾ?’ ಅಂದ್ರು. ಮತ್ತೆ ಮನೆಯಲ್ಲಿ ಬೂಟು ಹಾಕ್ಕೊಂಡು ಓಡಾಡ್ಲಾ ಸಾರ್ ಅಂದೆ. ‘ಇನ್ಮೇಲೆ ಆ ಟೈಲ್ಸ್ ನೆಲದ ಮೇಲೆ ಬರಿಗಾಲು ಇಡಲೇಬೇಡಿ. ಮಂಚದ ಪಕ್ಕದಲ್ಲೇ ಚಪ್ಪಲಿ ಇಟ್ಕೊಳ್ಳಿ. ಕಮಾನಿಗೆ ಆಸರೆ ಇರೋದು ತಗೊಳ್ಳಿ’ ಅಂತ ಹೇಳಿ ಕಳಿಸಿದ್ರು.

ಆಸರೆ ಅಂದ್ರೆ ನನಗೆ ಏನು ಅರ್ಥ ಆಯ್ತು ಹೇಳು? ಮೆತ್ತಗಿರಬೇಕು ಅಂತ. ಬಸ್ ಸ್ಟ್ಯಾಂಡ್ ಎದುರು ಅಂಗಡಿಯಲ್ಲಿ ಕೈಯಿಂದ ಹಿಚುಕಿ ಹಿಚುಕಿ, ಇದ್ದಿದ್ರಲ್ಲಿ ಅತೀ ಮೆತ್ತನೆಯದನ್ನ ತಂದೆ. ಮೇಲೆ ತುಪ್ಪಳ ಬೇರೆ. ಕಾಲಿಟ್ರೆ ಹುದುಗಿ ಹೋಗೋದು, ಸ್ವರ್ಗ! ನಿನ್ನ ಅತ್ತಿಗೆ ನೋಡಿ ‘ಎರಡು ಮೊಲ ಸಾಕಿದ್ದೀರಿ’ ಅಂದಳು. ಎರಡು ದಿನ ಸುಖ ಕಂಡೆ. ಮೂರನೇ ವಾರಕ್ಕೆ ನೋವು ಹಿಮ್ಮಡಿಯಿಂದ ಮೀನಖಂಡಕ್ಕೆ ಹತ್ತಿತ್ತು. ಡಾಕ್ಟರು ಆ ಚಪ್ಪಲಿ ನೋಡಿ ಎರಡು ಕೈಯಲ್ಲೂ ಬಟ್ಟೆ ಹಿಂಡೋ ಹಾಗೆ ಹಿಂಡಿ, ‘ಇದು ಹಾಸಿಗೆ, ಚಪ್ಪಲಿ ಅಲ್ಲ’ ಅಂದ್ರು. ಆವತ್ತಿಂದ ಮೊಲಗಳು ಪಕ್ಕದ ಮನೆ ಬೆಕ್ಕಿನ ಪಾಲು.

ಗಿರಾಕಿ ಬಂದ್ರು, ನಿಲ್ಲಿಸ್ತೀನಿ.

ಗುರುವಾರ

ಮೂರು ದಿನ ಬಿಡುವಾಗಲಿಲ್ಲ, ನಿಜವಾಗಲೂ. ಪರೀಕ್ಷೆ ಶುರುವಾಗಿದೆ, ಮಕ್ಕಳ ತಲೆಗಳು ಸಾಲುಗಟ್ಟಿ ಬಂದ್ವು.

ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ಮೊಲ. ಅದಾದ ಮರುವಾರವೇ ನಿನ್ನ ಮಗಳು ಅಂಗಡಿಗೆ ಬಂದಳು. ತನ್ನ ಹಳೇ ಸ್ಕೂಲಿಂದ ಯಾವುದೋ ಸರ್ಟಿಫಿಕೇಟು ಬೇಕಿತ್ತಂತೆ. ಹೆಗಲ ಮೇಲೆ ಮಗು ಮಲಗಿತ್ತು. ನಾನು ಯಾರದೋ ಕೆನ್ನೆಗೆ ನೊರೆ ಹಚ್ತಿದ್ದೆ, ಕನ್ನಡಿಯಲ್ಲಿ ಅವಳ ಮುಖ ಕಂಡು ಬ್ರಷ್ಷು ಅಲ್ಲೇ ನಿಲ್ತು. ಥೇಟ್ ನೀನೇ. ಏನಂತಾಳೋ, ಮುಖ ತಿರುಗಿಸ್ತಾಳೋ ಅಂತ ನೋಡ್ತಾ ಇದ್ರೆ, ‘ದೊಡ್ಡಪ್ಪಾ, ಇಷ್ಟು ಸಣ್ಣ ಆಗಿದ್ದೀರಾ?’ ಅಂತ ಹತ್ರ ಬಂದಳು. ದೊಡ್ಡಪ್ಪಾ ಅಂದಳು ಕಣೋ. ನಿನಗೂ ನನಗೂ ಮಾತಿಲ್ಲ ಅನ್ನೋದು ಅವಳಿಗೆ ಗೊತ್ತೇ ಇಲ್ಲವೇನೋ ಅನ್ನೋ ಹಾಗೆ. ಗಿರಾಕಿ ಕೆನ್ನೆ ಮೇಲಿನ ನೊರೆ ಒಣಗಿ ಹೋಯ್ತು.

ನಾನು ಕುಂಟೋದು ನೋಡಿ ಅವಳೇ ಕೇಳಿದಳು. ಹೇಳಿದೆ. ಅವಳು ನಕ್ಕುಬಿಟ್ಟಳು. ‘ಅಪ್ಪಂದೂ ಇದೇ ಕಥೆ. ಬೆಳಿಗ್ಗೆ ಎದ್ದು ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗ್ತಾರೆ. ಡಾಕ್ಟರ ಹತ್ರ ಹೋಗೋಣ ಅಂದ್ರೆ ವಯಸ್ಸಾದ ಮೇಲೆ ಕಾಲು ನೋಯದೆ ಇನ್ನೇನು ಕುಣಿಯುತ್ತಾ ಅಂತಾರೆ. ಅವರದು ಬಲಗಾಲು’ ಅಂದಳು. ಆ ‘ಬಲಗಾಲು’ ಆಗ ನನ್ನ ಕಿವಿಗೆ ಬಿತ್ತು, ರಾತ್ರಿ ನಿನ್ನ ಅತ್ತಿಗೆಗೂ ಹೇಳಿದೆ, ಆದ್ರೆ ತಲೆಗೆ ಹೋಗಲಿಲ್ಲ. ಹೋಗಿದ್ದು ಆ ಶನಿವಾರ ಸಾಯಂಕಾಲ.

ಶನಿವಾರ ನಿನ್ನ ಅತ್ತಿಗೆ ನನ್ನನ್ನ ಬೇರೆ ಅಂಗಡಿಗೆ ಕರ್ಕೊಂಡು ಹೋದಳು. ‘ನಿಮ್ಮೊಬ್ಬರನ್ನೇ ಬಿಟ್ರೆ ಈ ಸಲ ಆಮೆ ತರ್ತೀರಿ’ ಅಂತ. ಹಳೇ ಅಂಗಡಿ, ಮೂರು ಮೆಟ್ಟಿಲು ಇಳಿದು ಹೋಗಬೇಕು, ಒಳಗೆಲ್ಲ ಚರ್ಮದ ಮತ್ತು ಅಂಟಿನ ವಾಸನೆ. ಅಂಗಡಿಯಾಕೆ ನಮ್ಮ ವಯಸ್ಸಿನವರೇ, ಕನ್ನಡಕ ತಲೆ ಮೇಲೆ ಇಟ್ಕೊಂಡು ಕನ್ನಡಕ ಹುಡುಕ್ತಿದ್ರು. ಬೆಳಿಗ್ಗೆ ಫೋನ್ ಮಾಡಿದಾಗಲೇ ‘ಸಾಯಂಕಾಲ ಬನ್ನಿ, ದಿನವೆಲ್ಲ ನಿಂತು ಪಾದ ಊದಿರುತ್ತೆ, ಬೆಳಿಗ್ಗೆ ಸರಿಯಾಗಿದ್ದು ಸಾಯಂಕಾಲಕ್ಕೆ ಬಿಗಿಯುತ್ತೆ’ ಅಂದಿದ್ರಂತೆ. ಹೋದ ಕೂಡಲೇ ಒಂದು ಚಪ್ಪಲಿ ತೋರಿಸಿ ಅಂದ್ರೆ ತೋರಿಸಲಿಲ್ಲ. ಒಂದು ಬೇಸಿನ್ನಿನಲ್ಲಿ ನೀರು ತಂದಿಟ್ಟು, ‘ಚಪ್ಪಲಿ ಆಮೇಲೆ. ಮೊದಲು ಪಾದ’ ಅಂದ್ರು.

ಎರಡೂ ಕಾಲು ಅದ್ದಿ, ಕಂದು ಕಾಗದದ ಮೇಲೆ ನಿಲ್ಲಿಸಿದ್ರು. ಇಳಿದು ನೋಡಿದ್ರೆ ಬಲಗಾಲಿನ ಗುರುತು ಚಿತ್ರ ಬರೆದ ಹಾಗೆ ಮುದ್ದಾಗಿದೆ: ಹಿಮ್ಮಡಿ ಒಂದು ಉಂಡೆ, ಬೆರಳು ಐದು ಚುಕ್ಕಿ, ನಡುವೆ ಅಂಚಿನಲ್ಲಿ ಒಂದು ಸಣ್ಣ ಪಟ್ಟಿ. ಎಡಗಾಲು? ಇಟ್ಟಿಗೆ! ನಡುವೆ ಸೊಂಟ ಅನ್ನೋದೇ ಇಲ್ಲ. ಆಕೆ ಕಾಗದವನ್ನ ಬೆಳಕಿಗೆ ಹಿಡಿದು, ತಿರುಗಿಸಿ, ಕೊನೆಗೆ ನನ್ನ ಕಡೆ ನೋಡಿ, ‘ಇದು ಇಬ್ಬರ ಕಾಲಾ?’ ಅಂದ್ರು. ಇಲ್ಲಮ್ಮ, ಹುಟ್ಟಿದಾಗಿನಿಂದ ಎರಡೂ ನನ್ನವೇ ಅಂದೆ. ‘ಏನು ಕೆಲಸ ಮಾಡ್ತೀರಿ ನೀವು? ಒಂಟಿ ಕಾಲಲ್ಲಿ ನಿಲ್ಲೋ ಕೆಲಸ ಯಾವುದಿದೆ?’ ನಾನು ಬಾಯಿ ತೆರೆಯೋ ಮುಂಚೆ ನಿನ್ನ ಅತ್ತಿಗೆ ‘ಕೊಕ್ಕರೆ ಕೆಲಸ’ ಅಂದಳು.

ಆಗ ಕೂತು ಹೇಳಿದೆ. ಅಂಗಡಿ ಸಣ್ಣದು, ಬೇಸಿನ್ನು ಒಂದೇ, ಅದಕ್ಕೆ ಎರಡೂ ಕುರ್ಚಿ ಬೇಸಿನ್ನಿಗೆ ಅಂಟಿಸಿ ಹಾಕಿದ್ವಿ. ಕುರ್ಚಿಗಳ ನಡುವೆ ಮನುಷ್ಯ ನಿಲ್ಲೋ ಹಾಗಿಲ್ಲ. ಎಡಗಡೆ ಕುರ್ಚಿಯ ಎಡಕ್ಕೆ ನಾನು, ಬಲಗಡೆ ಕುರ್ಚಿಯ ಬಲಕ್ಕೆ ನನ್ನ ಸ್ನೇಹಿತ. ಗಿರಾಕಿಗಳು ನಮ್ಮ ಹೆಸರೇ ಮರೆತುಬಿಟ್ಟಿದ್ರು, ಎಡಗಡೆಯವನು, ಬಲಗಡೆಯವನು ಅಷ್ಟೇ. ಕೆಲಸ ಕಲಿಸಿದ ಮುದುಕಪ್ಪ ನಮಗೆ ಮೊದಲನೇ ದಿನ ಹೇಳಿಕೊಟ್ಟಿದ್ದು ಕತ್ತರಿ ಹಿಡಿಯೋದಲ್ಲ, ನಿಲ್ಲೋದು. ಕುರ್ಚಿಯ ಕಡೆ ಇರೋ ಕಾಲು ಕುರ್ಚಿಯ ಕಬ್ಬಿಣದ ಕಂಬಿ ಮೇಲೆ, ಇನ್ನೊಂದು ಕಾಲು ನೆಲಕ್ಕೆ, ಆಗ ಸೊಂಟ ನೋಯಲ್ಲ, ಕೈ ಅಲುಗಲ್ಲ ಅಂತ. ನೆನಪಿದೆಯಾ? ಅದರ ಲೆಕ್ಕದಲ್ಲಿ ನನ್ನ ಬಲಗಾಲು ಮೂವತ್ತೆಂಟು ವರ್ಷ ಕಂಬಿ ಮೇಲೆ ರಾಜನ ಹಾಗೆ ಕೂತಿತ್ತು, ಇಡೀ ಮೈಯನ್ನ ಹೊತ್ತಿದ್ದು ಎಡಗಾಲು.

ಆಕೆ ಎಲ್ಲ ಕೇಳಿ, ಎದ್ದು, ಎರಡು ಜೊತೆ ತಂದ್ರು. ಒಂದು ಬೂದು, ಒಂದು ಕಂದು. ನೀನೂ ಕಲಿತುಕೋ, ಮುಂದೆ ಬೇಕಾಗುತ್ತೆ. ಚಪ್ಪಲಿಯನ್ನ ಮುಂದೆ ಹಿಂದೆ ಹಿಡಿದು ಬಗ್ಗಿಸಬೇಕು: ಬೆರಳು ಮಡಚೋ ಜಾಗದಲ್ಲಿ ಬಗ್ಗಿದ್ರೆ ಸರಿ, ಹೊಟ್ಟೆಯಲ್ಲಿ ಬಗ್ಗಿದ್ರೆ ಹೊರಗೆ ಬಿಸಾಡು. ಹಿಮ್ಮಡಿ ಕೂರೋ ಜಾಗ ಸ್ವಲ್ಪ ಬಟ್ಟಲಿನ ಹಾಗೆ ಗುಳಿ ಇರಬೇಕು, ಸುತ್ತ ಗಟ್ಟಿ ಅಂಚಿರಬೇಕು. ಹೆಬ್ಬೆರಳಿಂದ ಒತ್ತಿದ್ರೆ ಒಳಗೆ ಹೋಗಿ ಮತ್ತೆ ಮೇಲೆ ಬರಬೇಕು, ಅಲ್ಲೇ ಮಲಗಬಾರದು. ಮುಂದೆ ಬೆರಳಿಗೆ ಜಾಗ ಇರಬೇಕು, ಬೆರಳಿಂದ ಕಚ್ಚಿ ಹಿಡ್ಕೊಂಡು ನಡೆಯೋ ಹಾಗಿರಬಾರದು. ನಡುವಿನ ಉಬ್ಬು ಮಾತ್ರ ಅವರವರ ಕಾಲಿಗೆ ತಕ್ಕ ಹಾಗೆ. ಬೂದು ಜೊತೆಯಲ್ಲಿ ಉಬ್ಬು ಎತ್ತರ, ಗಟ್ಟಿ. ಕಂದು ಜೊತೆಯಲ್ಲಿ ತಗ್ಗು, ಮೆದು.

ಬೂದು ಹಾಕ್ಕೊಂಡು ನಿಂತೆ. ಎಡಗಾಲು ‘ಅಬ್ಬಾ’ ಅಂತು, ಬಲಗಾಲು ‘ಅಯ್ಯೋ’ ಅಂತು. ಕಲ್ಲು ಮೆಟ್ಟಿದ ಹಾಗೆ. ಕಂದು ಹಾಕ್ಕೊಂಡೆ, ಬಲಗಾಲಿಗೆ ಹಿತ, ಎಡಗಾಲಿಗೆ ಏನೂ ಸಾಲದು. ಆಕೆ ಬಗ್ಗಿ ಎಡಗಾಲಿಗೆ ಬೂದು, ಬಲಗಾಲಿಗೆ ಕಂದು ಹಾಕಿ, ‘ಈಗ ನಡೀರಿ. ಹತ್ತು ನಿಮಿಷ. ಮೆಟ್ಟಿಲೂ ಹತ್ತಿ ಇಳೀರಿ’ ಅಂದ್ರು. ನಡೆದೆ ಕಣೋ. ಮೂರು ತಿಂಗಳಾದ ಮೇಲೆ ಮೊದಲನೇ ಸಲ ಎರಡು ಕಾಲಲ್ಲಿ ನಡೆದೆ. ನಿನ್ನ ಅತ್ತಿಗೆ ಸ್ಟೂಲಿನ ಮೇಲೆ ಕೂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು, ಕೇಳಿದ್ರೆ ಅಂಟಿನ ವಾಸನೆ ಅಂದಳು.

ಎರಡು ಜೊತೆಯನ್ನೂ ತಗೊಂಡ್ವಿ, ಬೇರೆ ದಾರಿ ಏನಿದೆ? ಆಕೆ ಉಳಿದ ಎರಡನ್ನ ಡಬ್ಬಿಗೆ ಹಾಕ್ತಾ, ಎಡಗಾಲಿನ ಕಂದು, ಬಲಗಾಲಿನ ಬೂದು ಪಕ್ಕಪಕ್ಕದಲ್ಲಿ ಇಟ್ಟು, ‘ಇವು ದಂಡ. ಬಲಗಾಲು ಚಪ್ಪಟೆ, ಎಡಗಾಲು ಸರಿ ಇರೋ ಎಂಟನೇ ನಂಬರಿನ ಮನುಷ್ಯ ಪ್ರಪಂಚದಲ್ಲಿ ಎಲ್ಲಿ ಸಿಗ್ತಾನೆ?’ ಅಂದ್ರು. ನಾನು ನಿನ್ನ ಅತ್ತಿಗೆ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ‘ಬಲಗಾಲು ಅಂದಳಲ್ಲ ಮಗಳು’ ಅಂತ ಅವಳೇ ಅಂದಳು, ಮೆಲ್ಲಗೆ.

ನಮ್ಮ ರಬ್ಬರ್ ಚಪ್ಪಲಿಗಳು ನೆನಪಾದ್ವು. ಇಬ್ಬರದೂ ನೀಲಿ ಪಟ್ಟಿ, ಇಬ್ಬರದೂ ಎಂಟು ನಂಬರು. ನಿನ್ನದು ನಾನು, ನನ್ನದು ನೀನು ಹಾಕ್ಕೊಂಡು ಮನೆಗೆ ಹೋಗಿ, ಮರುದಿನ ಬೆಳಿಗ್ಗೆ ಬಾಗಿಲಲ್ಲೇ ಕಾಲು ಕೆರೆದು ಜಗಳ. ನನ್ನದರಲ್ಲಿ ಎಡಗಡೆದು ಸವೆದು ತೂತಾಗೋದು, ನಿನ್ನದರಲ್ಲಿ ಬಲಗಡೆದು. ಇಬ್ಬರೂ ಒಂದೇ ತಿಂಗಳು ಜೊತೆ ಜೊತೆಯಾಗಿ ಎಸೆದು ಹೊಸದು ತರ್ತಿದ್ವಿ. ಮೂವತ್ತೊಂದು ವರ್ಷ, ಪ್ರತಿ ಸಲ ಎರಡು ಒಳ್ಳೇ ಚಪ್ಪಲಿ ತಿಪ್ಪೆಗೆ ಹೋಗಿವೆ. ನಿನ್ನ ಎಡ, ನನ್ನ ಬಲ ಸೇರಿಸಿದ್ರೆ ಒಂದು ಜೊತೆ ಆಗ್ತಿತ್ತು ಅಂತ ಇಬ್ಬರಲ್ಲಿ ಒಬ್ಬನಿಗಾದ್ರೂ ಹೊಳೀಬೇಕಲ್ಲ! ಎಂಥ ದಡ್ಡರು ನಾವು.

ಹಾಗಾಗಿ ಡಬ್ಬಿಯಲ್ಲಿರೋದು ನಿನ್ನದೇ. ಬೂದು ಬಲಗಾಲಿಗೆ, ಕಂದು ಎಡಗಾಲಿಗೆ. ಮೊದಲನೇ ದಿನ ಒಂದೇ ಗಂಟೆ ಹಾಕು, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಮಾಡು. ಮೊದಲ ವಾರ ಅಂಗಾಲಲ್ಲಿ ಏನೋ ಒತ್ತಿದ ಹಾಗಿರುತ್ತೆ, ಆಗ ನನ್ನ ವಂಶವನ್ನೆಲ್ಲ ಬೈಬೇಡ, ಅದು ಕಮಾನು ಏಳ್ತಿರೋದು. ಬಚ್ಚಲಿಗೆ ಹಾಕ್ಕೊಂಡು ಹೋಗಬೇಡ, ಜಾರುತ್ತೆ. ಬೆಳಿಗ್ಗೆ ಮಂಚದಿಂದ ಇಳಿಯೋ ಮುಂಚೆ ಕೂತಲ್ಲೇ ಬೆರಳುಗಳನ್ನ ನಿನ್ನ ಕಡೆಗೆ ಎಳೆದು ಹತ್ತು ಎಣಿಸು, ಆಮೇಲೆ ಚಪ್ಪಲಿಗೆ ಕಾಲು ಹಾಕು. ಮಗಳು ಬಣ್ಣ ನೋಡಿ ನಕ್ಕರೆ ನಗಲಿ. ಇಲ್ಲಿ ನಾನೂ ಹಾಗೇ ಓಡಾಡ್ತಿದ್ದೀನಿ, ನಿನ್ನದರ ತಿರುವು ಮುರುವು. ಹಾಲಿನವಳು ದಿನಾ ಬಗ್ಗಿ ನೋಡಿ ನಗ್ತಾಳೆ.

ಶುಕ್ರವಾರ, ಮಧ್ಯಾಹ್ನ

ಇವತ್ತು ಮುಗಿಸಲೇಬೇಕು.

ನೀನು ಅಂಗಡಿ ಬಿಟ್ಟು ಮಗಳ ಮನೆಗೆ ಹೊರಟ ಆ ಶನಿವಾರವನ್ನ ನಾನು ಮರೆತಿಲ್ಲ. ನೀನು ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಕುರ್ಚಿ ಮೇಲೆ ಇಟ್ಟೆ. ಕತ್ತಿಯನ್ನ ಒರೆಸಿ, ಎಣ್ಣೆ ಹಚ್ಚಿ, ಡಬ್ಬಿಗೆ ಹಾಕಿದೆ. ‘ಇನ್ನು ಈ ಕೈಯನ್ನ ನಾನೇ ನಂಬಲ್ಲ. ನಾಳೆ ಯಾರದಾದ್ರೂ ಗಂಟಲಿಗೆ ತಾಗಿದ್ರೆ?’ ಅಂದೆ. ಸ್ಟುಡಿಯೋದವನ ಕಿವಿಗೆ ನಿನ್ನ ಕತ್ತರಿ ತಗುಲಿ ರಕ್ತ ಬಂದು ಆಗ ಒಂದು ವಾರ ಆಗಿತ್ತು. ಅದಕ್ಕೂ ಮುಂಚೆಯೇ ನಿನ್ನ ಕುರ್ಚಿಗೆ ಬರೋರು ಒಬ್ಬೊಬ್ಬರಾಗಿ ಕಡಿಮೆ ಆಗಿದ್ರು. ನಾನು ಏನಂದೆ? ‘ಸರಿ, ಸ್ವಲ್ಪ ದಿನ ರೆಸ್ಟ್ ತಗೋ’ ಅಂದೆ. ತಡೀಬೇಕಿತ್ತು. ಬಾಗಿಲಿಗೆ ಅಡ್ಡ ನಿಲ್ಲಬೇಕಿತ್ತು. ನಿನ್ನ ಟ್ರಂಕನ್ನ ಆಟೋಗೆ ಏರಿಸಿಕೊಟ್ಟೆ. ಆಟೋ ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ಎರಡು ಕುರ್ಚಿ ನೋಡಿದೆ, ಅಂಗಡಿ ದೊಡ್ಡದಾಗಿ ಕಾಣ್ತು. ಆಮೇಲೆ ಒಂದು ದಿನಕ್ಕೂ ಅದು ಸಣ್ಣದಾಗಲಿಲ್ಲ.

ನಿನ್ನ ಮಾತು ಬೇಕು ನನಗೆ. ಗಿರಾಕಿ ತಲೆಯ ಮೇಲಿಂದ ಕನ್ನಡಿಯಲ್ಲೇ ನನ್ನನ್ನ ನೋಡಿ ಹುಬ್ಬು ಹಾರಿಸ್ತಿದ್ದೆಯಲ್ಲ, ಅದು ಬೇಕು. ಈಗಲೂ ಯಾರಾದ್ರೂ ದೊಡ್ಡ ದೊಡ್ಡ ಮಾತು ಕೊಚ್ಚಿದ್ರೆ ನನ್ನ ಕಣ್ಣು ಕನ್ನಡಿಯ ಬಲಗಡೆಗೆ ಹೋಗುತ್ತೆ, ಅಲ್ಲಿ ಪೇಪರಿನ ರಾಶಿ ಕಾಣುತ್ತೆ. ವಯಸ್ಸಾದ ಮೇಲೆ ಗೆಳೆಯರು ಹೊಸದಾಗಿ ಸಿಗಲ್ಲ ಕಣೋ. ಇದ್ದ ಒಬ್ಬನನ್ನ ನಾನು ಕಳ್ಕೊಂಡೆ.

ನಿನ್ನ ಮಗಳಿಗೆ ನನ್ನ ಮತ್ತು ಅವಳ ದೊಡ್ಡಮ್ಮನ ಆಶೀರ್ವಾದ ಹೇಳು. ಅಳಿಯನಿಗೂ. ಪುಟ್ಟ ಮಗು ನೂರು ವರ್ಷ ಬಾಳಲಿ, ಅದರ ಕಾಲು ಎರಡೂ ಒಂದೇ ಥರ ಇರಲಿ. ನೀನು ಗೋಡೆ ಬಿಟ್ಟು ನಡೆಯೋ ಹಾಗಾಗಲಿ. ಅತ್ತಿಗೆ ನಿನ್ನನ್ನ ಕೇಳಿದ್ದಾಳೆ ಅಂತ ಬರೆಯೋಕೆ ಹೇಳಿದಳು, ಮೂರು ಸಲ ಹೇಳಿದಳು.

ಇಂತಿ,
ನಿನ್ನ
ಎಡಗಡೆಯವನು

ತಾ.ಕ.: ಡಬ್ಬಿಗೆ ದಾರ ಸುತ್ತಿ ಆಗಿದೆ. ಅಂಚೆ ಕಚೇರಿಗೆ ಹೊರಟು ನಿನ್ನ ಅತ್ತಿಗೆ ಬಾಗಿಲಲ್ಲಿ ನಿಂತಿದ್ದಾಳೆ. ಹತ್ತು ನಿಮಿಷ ಇರು ಅಂದಿದ್ದೀನಿ. ಮಗಳು ಬಂದ ವಿಷಯ ಬರೆದೆನಲ್ಲ, ಅದರಲ್ಲಿ ಅರ್ಧ ನುಂಗಿಬಿಟ್ಟಿದ್ದೆ.

ಹೊರಡೋವಾಗ ಅವಳು ಕೇಳಿದಳು, ‘ದೊಡ್ಡಪ್ಪಾ, ಮಗು ಹುಟ್ಟಿ ನಾಲ್ಕು ತಿಂಗಳಾಯ್ತು. ಅಪ್ಪ ಒಂದು ಸಲವೂ ಎತ್ಕೊಂಡಿಲ್ಲ. ಕೊಡೋಕೆ ಹೋದ್ರೆ ಕೈ ಹಿಂದೆ ಕಟ್ಕೋತಾರೆ. ನನ್ನ ಕೈ ನಡುಗುತ್ತೆ, ಬೀಳಿಸಿಬಿಡ್ತೀನಿ ಅಂತಾರೆ. ಆದ್ರೆ ನನಗೆ ಸೂಜಿಗೆ ದಾರ ಅವರೇ ಪೋಣಿಸಿಕೊಡೋದು, ಒಂದೇ ಸಲಕ್ಕೆ. ಏಳು ವರ್ಷದಿಂದ ನೋಡ್ತಿದ್ದೀನಿ, ನನಗಂತೂ ನಡುಗೋದು ಕಂಡಿಲ್ಲ. ನೀವು ಅಷ್ಟು ವರ್ಷ ಪಕ್ಕದಲ್ಲಿ ನಿಂತೋರು. ನೀವು ನೋಡಿದ್ದೀರಾ?’ ನಾನು ‘ವಯಸ್ಸಾಯ್ತಲ್ಲಮ್ಮ’ ಅಂತ ಹೇಳಿ, ಮುಂದಿನ ಗಿರಾಕಿಗೆ ಬಟ್ಟೆ ಹೊದಿಸಿದೆ.

ಈಗ ನಿನಗೆ ಹೇಳ್ತೀನಿ. ನಿನ್ನ ಕುರ್ಚಿಗೆ ಯಾವಾಗಲೂ ಮೂರು ಜನ ಕಾಯ್ತಿದ್ರು. ನನ್ನ ಕುರ್ಚಿ ಖಾಲಿ ಇದ್ರೂ ‘ಪರವಾಗಿಲ್ಲ, ಬಲಗಡೆಯವನೇ ಮಾಡಲಿ’ ಅಂತ ಪೇಪರು ಓದ್ತಾ ಕೂರ್ತಿದ್ರು. ನಾನು ಟವಲು ಹೆಗಲಿಗೆ ಹಾಕ್ಕೊಂಡು ನಿಂತಿರ್ತಿದ್ದೆ. ವರ್ಷಗಟ್ಟಲೆ ನಿಂತೆ. ಹೊಟ್ಟೆ ಉರೀತಿತ್ತು ಕಣೋ. ಒಂದು ದಿನ ನೀನು ಬ್ಲೇಡು ತರೋಕೆ ಹೋಗಿದ್ದೆ, ಹೆಡ್‌ಮಾಷ್ಟ್ರು ನಿನಗೋಸ್ಕರ ಕಾಯ್ತಿದ್ರು. ಎಲ್ಲಿಂದ ಬಂತೋ ಆ ಮಾತು, ನಾನು ಅವರ ಕಿವಿಯಲ್ಲಿ ‘ಈಚೆಗೆ ಅವನ ಕೈ ನಡುಗುತ್ತೆ ಸಾರ್, ಕುತ್ತಿಗೆ ವಿಷಯ ನೋಡಿ, ನನ್ನ ಹತ್ರ ಬನ್ನಿ’ ಅಂದೆ. ಅವರು ಎದ್ದು ಬಂದು ನನ್ನ ಕುರ್ಚಿಯಲ್ಲಿ ಕೂತ್ರು. ಕ್ಷೌರದ ಅಂಗಡಿಯಲ್ಲಿ ಆಡಿದ ಮಾತು ಊರು ತಿರುಗೋಕೆ ಎಷ್ಟು ದಿನ ಬೇಕು? ವಾರದೊಳಗೆ ಎಲ್ಲರೂ ನಿನ್ನ ಕೈಯನ್ನೇ ನೋಡೋಕೆ ಶುರು ಮಾಡಿದ್ರು. ಹತ್ತು ಜನ ಉಸಿರು ಹಿಡ್ಕೊಂಡು ಕೈಯನ್ನೇ ನೋಡ್ತಿದ್ರೆ ಯಾರ ಕತ್ತರಿ ತಪ್ಪಲ್ಲ? ಸ್ಟುಡಿಯೋದವನ ಕಿವಿಗೆ ಹಾಗೆ ತಗುಲಿದ್ದು.

ಆ ಸಾಯಂಕಾಲ ಅಂಗಡಿ ಬಾಗಿಲು ಹಾಕೋ ಮುಂಚೆ ನೀನು ಎರಡು ಕೈಯನ್ನೂ ನನ್ನ ಮುಂದೆ ಚಾಚಿದೆ. ‘ನೀನೊಬ್ಬ ನಿಜ ಹೇಳ್ತೀಯ. ನಡುಗುತ್ತೇನೋ?’ ಅಂದೆ. ನಾನು ನೋಡಿದೆ. ಒಂದು ಬೆರಳೂ ಅಲುಗ್ತಿರಲಿಲ್ಲ. ನೋಡಿ, ‘ಸ್ವಲ್ಪ’ ಅಂದೆ.

ಆ ‘ಸ್ವಲ್ಪ’ ಸುಳ್ಳು. ನಿನ್ನ ಕೈ ಒಂದು ದಿನವೂ ನಡುಗಿಲ್ಲ. ನಿನ್ನ ಅತ್ತಿಗೆಗೂ ಇದು ಗೊತ್ತಿಲ್ಲ, ಅವಳಿಗೆ ಇವತ್ತು ಹೇಳ್ತೀನಿ.

ಚಪ್ಪಲಿ ವಾಪಸ್ ಕಳಿಸು. ಈ ಕಾಗದವನ್ನ ಊರಿಗೆಲ್ಲ ಓದಿ ಹೇಳು. ನನ್ನ ಮುಖ ಸಾಯೋ ತನಕ ನೋಡಬೇಡ, ನಾನು ಒಂದು ಮಾತು ಆಡಲ್ಲ. ಆದ್ರೆ ಇದನ್ನ ಕೆಳಗಿಟ್ಟ ತಕ್ಷಣ ಎದ್ದು ಒಳಗೆ ಹೋಗಿ ಮಗುನ ಎತ್ಕೊ. ಮಗಳು ಗಾಬರಿಯಾದ್ರೂ ಕೊಡಬೇಡ, ಸ್ವಲ್ಪ ಹೊತ್ತು ನಿನ್ನ ಹತ್ರವೇ ಇಟ್ಕೊ.